ಜನ ಸಿಗ್ತಿಲ್ಲ ಅಂತಾರೆ ಕಂಪನಿಯವರು, ಕೆಲಸ ಸಿಗ್ತಿಲ್ಲ ಅಂತಾರೆ ನಮ್ಮೂರ ಹುಡುಗರು: ಇಬ್ಬರಲ್ಲಿ ಯಾರು ಸರಿ?

ಬೆಳಗಿನ ಮೈಸೂರು ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರಿಗೆ, ಬೆಂಗಳೂರಿನ ಪಿಜಿ ರೂಮಲ್ಲಿ ಮಲಗಿಕೊಂಡು ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಇವತ್ತಿನ ವಿಷಯ ಐಟಿ ಕೆಲಸ. ಹೊಸ ವಿಷಯ ಏನಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಮನೆಗಳಲ್ಲಿ ಪಿಯುಸಿ ರಿಸಲ್ಟ್ ಬಂದ ತಕ್ಷಣ ಏಳೋ ಮೊದಲ ಪ್ರಶ್ನೆ ಇವತ್ತಿಗೂ ಒಂದೇ: "ಸಿಎಸ್ ಸಿಗುತ್ತಾ?" ಅದಕ್ಕೇ ಈ ಮಾತು ಆಡಬೇಕು ಅನ್ನಿಸಿತು.

ನಾನು ಹುಣಸೂರು ತಾಲ್ಲೂಕಿನ ಹೊಗೆಸೊಪ್ಪು ಬೆಳೆಯೋ ಮನೆಯವನು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ಅದರಲ್ಲಿ ಐದಾರು ವರ್ಷದಿಂದ ಇಂಟರ್‌ವ್ಯೂ ಮಾಡೋ ಕಡೆ ಕೂತಿದ್ದೀನಿ. ಹಾಗಾಗಿ ಎರಡೂ ಕಡೆಯ ಗೋಳು ಕಿವಿಗೆ ಬೀಳುತ್ತೆ. ಆಫೀಸಲ್ಲಿ ಮೀಟಿಂಗ್‌ಗೆ ಹೋದರೆ "ಟ್ಯಾಲೆಂಟ್ ಸಿಗ್ತಿಲ್ಲ" ಅಂತಾರೆ. ಹಬ್ಬಕ್ಕೆ ಊರಿಗೆ ಬಂದರೆ "ಮಗ ಬಿಇ ಮುಗಿಸಿ ಒಂದೂವರೆ ವರ್ಷ ಆಯ್ತು, ಎಲ್ಲಾದ್ರೂ ನೋಡಪ್ಪ" ಅಂತಾರೆ. ಒಂದೇ ದೇಶ, ಒಂದೇ ಉದ್ಯಮ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದರೆ ನಡೀತಿರೋದು ಏನು?

ಅದನ್ನು ಅರ್ಥ ಮಾಡ್ಕೊಳ್ಳೋಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಐಟಿ ಅಂದ್ರೆ ಬೆಂಗಳೂರಿನವರ ವಿಷಯ, ನಮಗೇನು ಸಂಬಂಧ ಅಂತ ಅನ್ಕೋಬೇಡಿ. ಕರ್ನಾಟಕ ಸರ್ಕಾರ ಕಿಯೋನಿಕ್ಸ್ ಸಂಸ್ಥೆ ಕಟ್ಟಿದ್ದು 1976ರಲ್ಲಿ. ಅದರ ನೇತೃತ್ವ ವಹಿಸಿದ್ದ ಆರ್.ಕೆ. ಬಾಳಿಗಾ ಅವರ ಕನಸಿನಿಂದಲೇ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಕಡೆ ಎಲೆಕ್ಟ್ರಾನಿಕ್ಸ್ ಸಿಟಿ ಹುಟ್ಟಿದ್ದು. ಆಗ ರಾಜ್ಯದ ಮುಖ್ಯಮಂತ್ರಿ ಯಾರು ಹೇಳಿ? ನಮ್ಮ ಹುಣಸೂರು ತಾಲ್ಲೂಕು ಕಲ್ಲಹಳ್ಳಿಯ ಡಿ. ದೇವರಾಜ ಅರಸು. ಅರಸು ಅಂದ್ರೆ ನಮಗೆ ಭೂಸುಧಾರಣೆ, ಹಿಂದುಳಿದ ವರ್ಗ ಅಷ್ಟೇ ನೆನಪಾಗುತ್ತೆ. ಆದರೆ ಅವರ ಕಾಲದಲ್ಲಿ ಗೇಣಿ ಮಾಡ್ತಿದ್ದ ಜಮೀನು ಸ್ವಂತದ್ದು ಮಾಡ್ಕೊಂಡ ಮನೆಗಳ ಮೊಮ್ಮಕ್ಕಳೇ ಇವತ್ತು ಎಲೆಕ್ಟ್ರಾನಿಕ್ಸ್ ಸಿಟಿಯ ಗೇಟಲ್ಲಿ ಐಡಿ ಕಾರ್ಡ್ ತೋರಿಸಿ ಒಳಗೆ ಹೋಗ್ತಿರೋದು. ಇನ್ಫೋಸಿಸ್‌ನ ನಾರಾಯಣ ಮೂರ್ತಿ ಓದಿದ್ದೂ ಮೈಸೂರಿನ ಎನ್‌ಐಇ ಕಾಲೇಜಿನಲ್ಲೇ, 1967ರಲ್ಲಿ ಎಂಜಿನಿಯರಿಂಗ್ ಮುಗಿಸಿದರು. ಮುಂದೆ ಅದೇ ಕಂಪನಿ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ತರಬೇತಿ ಕೇಂದ್ರ ಕಟ್ಟಿತು. ಒಂದೇ ಸಲಕ್ಕೆ 10,000ಕ್ಕೂ ಹೆಚ್ಚು ಹೊಸಬರಿಗೆ ಕಲಿಸಬಹುದಾದಷ್ಟು ದೊಡ್ಡದು.

ಈ ತರಬೇತಿ ಕೇಂದ್ರದ ವಿಷಯ ನೆನಪಿಟ್ಕೊಳ್ಳಿ, ಯಾಕಂದ್ರೆ ಹಳೆಯ ಐಟಿ ಮಾದರಿಯ ಬೇರೇ ಅದು. ಕಂಪನಿಗಳು ಆಗ ಏನು ಮಾಡ್ತಿದ್ದವು? ಕಾಲೇಜಿಗೆ ಬಂದು ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಅಂತ ನೋಡದೆ, ಲೆಕ್ಕ ಬರುತ್ತಾ, ಯೋಚನೆ ಮಾಡ್ತಾನಾ, ನಾಲ್ಕು ಮಾತು ಇಂಗ್ಲಿಷಲ್ಲಿ ಆಡ್ತಾಳಾ ಅಂತ ನೋಡಿ ಕರ್ಕೊಂಡು ಹೋಗ್ತಿದ್ದವು. ಕೆಲವು ತಿಂಗಳು ಸಂಬಳ ಕೊಟ್ಟು ಕಲಿಸ್ತಿದ್ದವು. ಆಮೇಲೆ ಪ್ರಾಜೆಕ್ಟ್‌ಗೆ ಹಾಕ್ತಿದ್ದವು. ಅಮೆರಿಕದ ಗ್ರಾಹಕ ಒಬ್ಬೊಬ್ಬ ಎಂಜಿನಿಯರ್‌ಗೆ ಗಂಟೆಗೆ ಇಷ್ಟು ಅಂತ ಕೊಡ್ತಾನೆ. ಟೀಮಿನ ಕೆಳಗಡೆ ಕಡಿಮೆ ಸಂಬಳದ ಹೊಸಬರು ಜಾಸ್ತಿ ಇದ್ದಷ್ಟೂ ಕಂಪನಿಗೆ ಲಾಭ ಜಾಸ್ತಿ. ಅದನ್ನೇ ಪಿರಮಿಡ್ ಅಂತಾರೆ. ಕೆಳಗೆ ಅಗಲ, ಮೇಲೆ ಚೂಪು.

ಈ ಪಿರಮಿಡ್‌ಗೆ ದೊಡ್ಡ ಹೊಡೆತ ಬಿದ್ದಿದ್ದು ಕೋವಿಡ್ ನಂತರ. 2021ರಲ್ಲಿ ಜಗತ್ತಿನ ಎಲ್ಲಾ ಅಂಗಡಿ, ಬ್ಯಾಂಕು, ಆಸ್ಪತ್ರೆಗಳಿಗೂ ಒಟ್ಟಿಗೇ ಆನ್‌ಲೈನ್ ಆಗಬೇಕಿತ್ತು. ಕೆಲಸ ಬಂತು, ಮಾಡೋರು ಸಾಲಲಿಲ್ಲ. ಅದರಲ್ಲೂ ಮೂರರಿಂದ ಎಂಟು ವರ್ಷ ಅನುಭವ ಇದ್ದೋರಿಗೆ ಬೇಡಿಕೆಯೋ ಬೇಡಿಕೆ. ನಾನು ಆಗ ಇಂಟರ್‌ವ್ಯೂ ಮಾಡಿ ಓಕೆ ಮಾಡಿದ ಹುಡುಗರ ಕೈಯಲ್ಲಿ ಮೂರು ನಾಲ್ಕು ಆಫರ್ ಲೆಟರ್ ಇರ್ತಿದ್ದವು. ಜಾಯಿನ್ ಆಗೋ ದಿನ ಬೆಳಿಗ್ಗೆ ಫೋನ್ ಸ್ವಿಚ್ ಆಫ್. ಇನ್ಫೋಸಿಸ್‌ನಲ್ಲಿ ಕೆಲಸ ಬಿಟ್ಟು ಹೋಗೋರ ಪ್ರಮಾಣ 2022ರ ಜೂನ್ ತ್ರೈಮಾಸಿಕದ ಹೊತ್ತಿಗೆ ಶೇ 28.4ಕ್ಕೆ ಹೋಗಿತ್ತು. ಅಂದ್ರೆ ವರ್ಷಕ್ಕೆ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು. "ಪ್ರತಿಭೆಯ ಕೊರತೆ" ಅನ್ನೋ ಮಾತು ಎಲ್ಲರ ಬಾಯಿಗೂ ಬಂದಿದ್ದು ಆಗಲೇ.

ಕಂಪನಿಗಳು ಅದಕ್ಕೆ ಕಂಡುಕೊಂಡ ಔಷಧಿ ಹೊಸಬರು. 2021-22ರಲ್ಲಿ ಟಿಸಿಎಸ್ ಸುಮಾರು ಒಂದು ಲಕ್ಷ ಫ್ರೆಷರ್‌ಗಳನ್ನು ತಗೊಂಡಿತು. ಇನ್ಫೋಸಿಸ್ 85,000. ನಮ್ಮ ಕಡೆಯಿಂದಲೂ ಎಷ್ಟೋ ಮನೆಯ ಮಕ್ಕಳಿಗೆ ಆಗ ಕೆಲಸ ಸಿಕ್ತು. ಅದನ್ನು ನೋಡಿದ ಪಕ್ಕದ ಮನೆಯವರು ತಮ್ಮ ಮಕ್ಕಳನ್ನೂ ಸಿಎಸ್‌ಗೆ ಸೇರಿಸಿದರು. ಆ ಮಕ್ಕಳು ಈಗ ಓದು ಮುಗಿಸಿ ಹೊರಗೆ ಬರ್ತಿದ್ದಾರೆ. ತೊಂದರೆ ಇರೋದು ಇಲ್ಲೇ. ಬಿತ್ತನೆಗೂ ಕುಯ್ಲಿಗೂ ನಡುವೆ ನಾಲ್ಕು ವರ್ಷ. ಅಷ್ಟರಲ್ಲಿ ಮಾರುಕಟ್ಟೆ ಬದಲಾಗಿ ಹೋಗಿತ್ತು.

ಹೇಗೆ ಬದಲಾಯ್ತು? ಅಮೆರಿಕದ ಕೇಂದ್ರ ಬ್ಯಾಂಕು 2022ರ ಮಾರ್ಚ್‌ನಲ್ಲಿ ಬಡ್ಡಿ ಏರಿಸೋಕೆ ಶುರು ಮಾಡ್ತು. ಸೊನ್ನೆ ಹತ್ತಿರ ಇದ್ದ ಬಡ್ಡಿ 2023ರ ಜುಲೈ ಹೊತ್ತಿಗೆ ಶೇ 5 ದಾಟಿತ್ತು. ಸಾಲ ದುಬಾರಿ ಆದರೆ ಮೊದಲು ನಿಲ್ಲೋದು ಹೊಸ ಪ್ರಾಜೆಕ್ಟ್. ನಮ್ಮಲ್ಲಿ ಸೊಸೈಟಿ ಸಾಲ ಸಿಗದಿದ್ದರೆ ಹೊಸ ಬೋರ್‌ವೆಲ್ ನಿಲ್ಲೋ ಹಾಗೆ. ಅಲ್ಲಿಯ ಗ್ರಾಹಕ ಖರ್ಚು ಬಿಗಿ ಮಾಡಿದ, ಇಲ್ಲಿಯ ಆಫರ್ ಲೆಟರ್ ನಿಂತಲ್ಲೇ ನಿಂತಿತು. 2022ರಲ್ಲಿ ಪಾಸಾಗಿ ಆಫರ್ ಕೈಯಲ್ಲಿ ಹಿಡ್ಕೊಂಡಿದ್ದ ಎಷ್ಟೋ ಮಂದಿ ಎರಡು ವರ್ಷದವರೆಗೂ ಕಾದರು. 2023ರ ಫೆಬ್ರುವರಿಯಲ್ಲಿ ವಿಪ್ರೊ, ವರ್ಷಕ್ಕೆ 6.5 ಲಕ್ಷ ಅಂತ ಹೇಳಿದ್ದ ಫ್ರೆಷರ್‌ಗಳನ್ನು 3.5 ಲಕ್ಷಕ್ಕೆ ಬರ್ತೀರಾ ಅಂತ ಕೇಳಿತು. 2023-24 ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೊ ಮೂರೂ ಸೇರಿ ಸುಮಾರು 64,000 ಸಿಬ್ಬಂದಿ ಕಡಿಮೆಯಾದರು.

2025ರ ಫೆಬ್ರುವರಿಯಲ್ಲಿ ನಮ್ಮ ಮೈಸೂರಿನ ಕ್ಯಾಂಪಸ್ಸೇ ರಾಷ್ಟ್ರೀಯ ಸುದ್ದಿಯಾಯ್ತು. ಎರಡು ವರ್ಷ ಕಾದು ಸೇರಿದ್ದವರೂ ಇದ್ದ ತರಬೇತಿ ಬ್ಯಾಚಿನಿಂದ 300ಕ್ಕೂ ಹೆಚ್ಚು ಮಂದಿಯನ್ನು ಹೊರಗೆ ಕಳಿಸಲಾಯ್ತು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ, ಈ ನಿಯಮ ಒಪ್ಪಂದದಲ್ಲೇ ಇದೆ ಅಂತ ಇನ್ಫೋಸಿಸ್ ಹೇಳಿತು. ಉದ್ಯೋಗಿಗಳ ಸಂಘಟನೆಗಳು ಒಪ್ಪಲಿಲ್ಲ, ವಿಷಯ ಕಾರ್ಮಿಕ ಇಲಾಖೆವರೆಗೂ ಹೋಯ್ತು. ಅದೇ ವರ್ಷ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಸುಮಾರು 12,000 ಮಂದಿಯನ್ನು ಕಡಿಮೆ ಮಾಡ್ತೀವಿ ಅಂತು. ಅದರಲ್ಲಿ ಹೆಚ್ಚಿನವರು ಫ್ರೆಷರ್‌ಗಳಲ್ಲ, ಮಧ್ಯದ ಮತ್ತು ಮೇಲಿನ ಹಂತದವರು. ಕಂಪನಿ ಕೊಟ್ಟ ಕಾರಣ, ಈಗಿನ ಕೆಲಸಕ್ಕೆ ಬೇಕಾದ ಕೌಶಲಕ್ಕೂ ಅವರ ಕೌಶಲಕ್ಕೂ ಹೊಂದಾಣಿಕೆ ಆಗ್ತಿಲ್ಲ ಅಂತ.

ಈಗ ಹೇಳಿ, ಟ್ಯಾಲೆಂಟ್ ಕೊರತೆ ಅನ್ನೋದು ನಿಜಾನಾ?

ಹುಣಸೂರು ಕಡೆಯೋರಿಗೆ ಇದನ್ನು ಹೇಳೋದು ಸುಲಭ. ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಗೆ ಹೋಗಿ ನೋಡಿ. ಒಂದೇ ದಿನ, ಒಂದೇ ಹಾಲ್‌ನಲ್ಲಿ, ಒಂದು ಕಡೆ ಕಂಪನಿಯವರು "ಒಳ್ಳೆ ಗ್ರೇಡ್ ಬರ್ತಿಲ್ಲ" ಅಂತ ಗೊಣಗ್ತಿರ್ತಾರೆ. ಇನ್ನೊಂದು ಕಡೆ ರೈತನ ಬೇಲ್ ಮೇಲೆ "ನೋ ಬಿಡ್" ಅಂತ ಬಿದ್ದಿರುತ್ತೆ. ಸೊಪ್ಪು ಕಮ್ಮಿ ಅಂತಲ್ಲ. ಅವರು ಕೇಳೋ ಗ್ರೇಡು, ಅವರು ಕೊಡೋ ರೇಟಿಗೆ, ಅವರಿಗೆ ಬೇಕಾದ ದಿನ ಸಿಗ್ತಿಲ್ಲ ಅಂತ. ಕೊರತೆ ಅನ್ನೋ ಪದದ ಒಳಗೆ ಯಾವಾಗಲೂ ಈ ಮೂರು ಇರುತ್ತೆ: ಯಾವ ಗ್ರೇಡು, ಯಾವ ರೇಟು, ಯಾವಾಗ.

ಐಟಿಯಲ್ಲೂ ಅಷ್ಟೇ. ಕ್ಲೌಡ್, ಡೇಟಾ, ಸೈಬರ್ ಸೆಕ್ಯುರಿಟಿ, ಎಐ ಕೆಲಸ ಕೈಯಾರೆ ಮಾಡಿ ಅನುಭವ ಇರೋರು ನಿಜವಾಗಲೂ ಕಮ್ಮಿ. ಆದರೆ ಡಿಗ್ರಿ ಇರೋರು ಬೇಕಾದಷ್ಟು. ರೇಟಿನ ಕಥೆ ಕೇಳಿ. 2010ರ ಸುಮಾರಿಗೆ ದೊಡ್ಡ ಸರ್ವಿಸ್ ಕಂಪನಿಗಳು ಫ್ರೆಷರ್‌ಗೆ ಕೊಡ್ತಿದ್ದದ್ದು ವರ್ಷಕ್ಕೆ 3 ಲಕ್ಷದ ಆಸುಪಾಸು. ಇವತ್ತಿಗೂ 3.5 ಲಕ್ಷದ ಆಸುಪಾಸಿನಲ್ಲೇ ಇದೆ. ಈ ಹದಿನೈದು ವರ್ಷದಲ್ಲಿ ಪಿಜಿ ಬಾಡಿಗೆ, ಊಟ, ಬಸ್ ಚಾರ್ಜ್ ಎಲ್ಲಿಗೆ ಹೋಗಿದೆ ಅಂತ ನಾನು ಹೇಳಬೇಕಾಗಿಲ್ಲ. ಒಂದು ಸರಕು ನಿಜವಾಗಲೂ ಸಿಗ್ತಿಲ್ಲ ಅಂದ್ರೆ ಅದರ ಬೆಲೆ ಏರಬೇಕು ತಾನೇ? ಫ್ರೆಷರ್ ಸಂಬಳ ಏರಿಲ್ಲ. ಅಂದ್ರೆ ಫ್ರೆಷರ್‌ಗಳ ಕೊರತೆ ಇಲ್ಲ.

ಹೊಗೆಸೊಪ್ಪಿಗೂ ಎಂಜಿನಿಯರಿಂಗ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಹೊಗೆಸೊಪ್ಪನ್ನು ಯಾರು ಬೇಕಾದರೂ ಎಷ್ಟು ಬೇಕಾದರೂ ಬೆಳೆಯೋ ಹಾಗಿಲ್ಲ. ತಂಬಾಕು ಮಂಡಳಿ ಪ್ರತಿ ವರ್ಷ ಕರ್ನಾಟಕಕ್ಕೆ ಇಷ್ಟು ಅಂತ ಮಿತಿ ಹಾಕುತ್ತೆ, ಬ್ಯಾರನ್‌ಗೆ ಲೈಸೆನ್ಸ್ ಬೇಕು. ಹೆಚ್ಚು ಬೆಳೆದರೆ ರೇಟು ಬೀಳುತ್ತೆ ಅಂತ ಗೊತ್ತಿರೋದ್ರಿಂದ ಆ ವ್ಯವಸ್ಥೆ. ಎಂಜಿನಿಯರಿಂಗ್‌ನಲ್ಲಿ ಉಲ್ಟಾ. ಒಳ್ಳೆ ಮಾನ್ಯತೆ ಇರೋ ಕಾಲೇಜುಗಳಿಗೆ ಸೀಟಿನ ಮೇಲಿದ್ದ ಮಿತಿಯನ್ನು ಎಐಸಿಟಿಇ 2024-25ರಿಂದ ತೆಗೆದುಹಾಕಿತು. ಸಿಎಸ್ ಮತ್ತು ಅದರ ಹೆಸರು ಬದಲಿಸಿದ ಬ್ರಾಂಚ್‌ಗಳು, ಎಐ, ಡೇಟಾ ಸೈನ್ಸ್ ಅಂತೆಲ್ಲ, ಬೆಳೀತಾನೇ ಇವೆ. ಸಿವಿಲ್, ಮೆಕ್ಯಾನಿಕಲ್ ತರಗತಿಗಳು ಖಾಲಿ ಹೊಡೀತಿವೆ. ಮ್ಯಾನೇಜ್‌ಮೆಂಟ್ ಕೋಟಾದಲ್ಲಿ ಸಿಎಸ್ ಬೇಕು ಅಂದ್ರೆ ಲಕ್ಷಗಟ್ಟಲೆ. ನಮ್ಮ ಕಡೆ ಆ ದುಡ್ಡು ಬರೋದು ಎರಡೇ ಕಡೆಯಿಂದ: ಹೊಗೆಸೊಪ್ಪಿನ ಪೇಮೆಂಟು, ಇಲ್ಲಾ ಜಮೀನಿನ ಪತ್ರ.

ನನಗೆ ಹೊಟ್ಟೆ ಉರಿಯೋದು ಇಲ್ಲೇ. ಮೊದಲು ಹೊಸಬರಿಗೆ ಕಲಿಸೋ ಖರ್ಚು ಕಂಪನಿಯದ್ದಾಗಿತ್ತು. ಈಗ ನಿಧಾನಕ್ಕೆ ಅದು ಮನೆಯವರ ತಲೆ ಮೇಲೆ ಬರ್ತಿದೆ. "ರೆಡಿ ಟು ವರ್ಕ್ ಇರಬೇಕು" ಅಂತಾರೆ. ರೆಡಿ ಮಾಡೋರು ಯಾರು? ಡಿಗ್ರಿ ಮುಗಿಸಿದ ಮೇಲೆ ಬೆಂಗಳೂರಲ್ಲಿ ಆರು ತಿಂಗಳ ಕೋರ್ಸ್, ಅದಕ್ಕೆ ಬೇರೆ ಫೀಸು, ಪಿಜಿಗೆ ಬೇರೆ. ಕೋರಮಂಗಲದ ಮನೆಯಿಂದ ಬರೋ ಹುಡುಗನಿಗೆ ಇದು ಕಷ್ಟ ಆಗಲ್ಲ. ಪಿರಿಯಾಪಟ್ಟಣದ ಹುಡುಗಿಗೆ ಇದು ಇನ್ನೊಂದು ಸಾಲ. ಹಾಗಾಗಿ ಟ್ಯಾಲೆಂಟ್ ಕೊರತೆ ಅಂತ ಯಾರಾದರೂ ಹೇಳಿದಾಗ ನಾನು ಕೇಳೋ ಪ್ರಶ್ನೆ ಒಂದೇ: ಕಲಿಸೋ ಖರ್ಚು ಯಾರು ಕೊಡ್ತಾರೆ?

ಇದರ ಮೇಲೆ ಎಐ ಬಂತು. ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್ ಕೊನೆಗೆ. ಎಲ್ಲರ ಕೆಲಸವನ್ನೂ ಎಐ ತಿಂದುಹಾಕುತ್ತೆ ಅಂತ ನಾನು ಹೇಳಲ್ಲ. ನನ್ನ ಟೀಮಿನಲ್ಲಿ ಕಣ್ಣಾರೆ ನೋಡ್ತಿರೋದನ್ನ ಹೇಳ್ತೀನಿ. ಹೊಸಬರಿಗೆ ಅಂತ ಎತ್ತಿಡ್ತಿದ್ದ ಸಣ್ಣ ಸಣ್ಣ ಕೆಲಸಗಳು, ಅಂದ್ರೆ ಒಂದು ಫಾರ್ಮ್ ಮಾಡೋದು, ಟೆಸ್ಟ್ ಕೇಸ್ ಬರೆಯೋದು, ಹಳೇ ಕೋಡ್‌ಗೆ ವಿವರಣೆ ಬರೆಯೋದು, ಇವನ್ನೆಲ್ಲ ಈಗ ಅನುಭವಿ ಒಬ್ಬ ಎಐ ಟೂಲ್ ಇಟ್ಕೊಂಡು ಮಧ್ಯಾಹ್ನದೊಳಗೆ ಮುಗಿಸ್ತಾನೆ. ಏಣಿಯ ಮೊದಲ ಮೆಟ್ಟಿಲು ತೆಗೆದ ಹಾಗೆ. ಮೇಲೆ ಜಾಗ ಇದೆ, ಹತ್ತೋದು ಹೇಗೆ? ಇದರಲ್ಲಿ ಕಂಪನಿಗಳಿಗೂ ಅಪಾಯ ಇದೆ. ಇವತ್ತು ಹೊಸಬರನ್ನು ತಗೊಂಡು ಬೆಳೆಸದಿದ್ದರೆ ಐದು ವರ್ಷದ ನಂತರ ಐದು ವರ್ಷ ಅನುಭವ ಇರೋರು ಎಲ್ಲಿಂದ ಬರ್ತಾರೆ? ಆಗ ಮತ್ತೆ "ಕೊರತೆ" ಅಂತ ಕೂಗ್ತಾರೆ. ಆ ಕೊರತೆ ಈಗ ತಾವೇ ಮಾಡ್ತಿರೋದು.

ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. ಕೆಲಸ ಜಾಗ ಬದಲಿಸ್ತಿದೆ. ಈಗ ಎಲ್ಲರೂ ಮಾತಾಡ್ತಿರೋದು ಜಿಸಿಸಿ ಬಗ್ಗೆ. ಅಂದ್ರೆ ವಿದೇಶಿ ಬ್ಯಾಂಕು, ಅಂಗಡಿ, ಔಷಧ ಕಂಪನಿಗಳು ಹೊರಗುತ್ತಿಗೆ ಕೊಡೋ ಬದಲು ತಮ್ಮದೇ ಆಫೀಸು ಇಲ್ಲಿ ತೆರೆಯೋದು. ನಾಸ್‌ಕಾಮ್ ಲೆಕ್ಕದಲ್ಲಿ 2024ರ ಹೊತ್ತಿಗೆ ದೇಶದಲ್ಲಿ ಇಂಥ 1,700ಕ್ಕೂ ಹೆಚ್ಚು ಕೇಂದ್ರಗಳು, ಸುಮಾರು 19 ಲಕ್ಷ ಉದ್ಯೋಗಿಗಳು. ಕರ್ನಾಟಕ ಸರ್ಕಾರ 2024ರ ನವೆಂಬರ್‌ನಲ್ಲಿ ಇದಕ್ಕೇ ನೀತಿ ತಂದು, 2029ರೊಳಗೆ 500 ಹೊಸ ಕೇಂದ್ರ, 3.5 ಲಕ್ಷ ಉದ್ಯೋಗ ಅಂತ ಗುರಿ ಇಟ್ಟಿದೆ. ಸಂಬಳವೂ ಇಲ್ಲಿ ಚೆನ್ನಾಗಿದೆ. ಆದರೆ ಇವರು ಸಾವಿರಗಟ್ಟಲೆ ಫ್ರೆಷರ್ ತಗೊಂಡು ಹಾಸ್ಟೆಲ್‌ನಲ್ಲಿಟ್ಟು ಕಲಿಸೋರಲ್ಲ. ಕಡಿಮೆ ಜನ, ಹೆಚ್ಚು ಅನುಭವ. ಮೈಸೂರಿಗೂ ಕಂಪನಿ ತರಬೇಕು ಅಂತ "ಬಿಯಾಂಡ್ ಬೆಂಗಳೂರು" ಪ್ರಯತ್ನ ನಡೀತಿದೆ. ಅದು ಕೈಗೂಡಿದರೆ ನಮಗೆ ದೊಡ್ಡ ವ್ಯತ್ಯಾಸ ಆಗುತ್ತೆ. ಹುಣಸೂರಿಂದ ಮೈಸೂರು 45 ಕಿಲೋಮೀಟರ್. ರೈಲಿಲ್ಲ, ಬಸ್ಸಿದೆ. ಮನೆಯಿಂದಲೇ ಓಡಾಡಬಹುದು ಅಂದ್ರೆ 25,000 ಸಂಬಳದಲ್ಲೂ ಉಳಿತಾಯ ಇರುತ್ತೆ.

ಇಲ್ಲಿ ಇನ್ನೊಂದು ಮಾತು ಬರುತ್ತೆ, ಸ್ಥಳೀಯರಿಗೆ ಮೀಸಲಾತಿ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ, ಖಾಸಗಿ ಕಂಪನಿಗಳಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಅನ್ನೋ ಮಸೂದೆಗೆ ಒಪ್ಪಿಗೆ ಕೊಟ್ಟಿತ್ತು. ಉದ್ಯಮದವರು "ನಮಗೆ ಟ್ಯಾಲೆಂಟ್ ಸಿಗಲ್ಲ" ಅಂತ ವಿರೋಧಿಸಿದರು. ಎರಡೇ ದಿನದಲ್ಲಿ ಮಸೂದೆ ತಡೆಹಿಡಿಯಲಾಯ್ತು. ಕನ್ನಡದವರಿಗೆ ಕೆಲಸ ಬೇಕು ಅನ್ನೋ ಬೇಡಿಕೆ ನ್ಯಾಯವಾದದ್ದೇ, ಸರೋಜಿನಿ ಮಹಿಷಿ ವರದಿ ಕಾಲದಿಂದ ಇದೆ. ನನ್ನ ಅಭಿಪ್ರಾಯ ಹೇಳ್ತೀನಿ, ನೀವು ಒಪ್ಪಲೇಬೇಕು ಅಂತಿಲ್ಲ. ಪರ್ಸೆಂಟೇಜ್ ಬರೆಯೋದಕ್ಕಿಂತ, ಸರ್ಕಾರದಿಂದ ಜಾಗ, ರಿಯಾಯಿತಿ ತಗೊಳ್ಳೋ ಕಂಪನಿ ವರ್ಷಕ್ಕೆ ಇಷ್ಟು ಜನ ಸ್ಥಳೀಯ ಹೊಸಬರಿಗೆ ಸಂಬಳ ಕೊಟ್ಟು ಕಲಿಸಬೇಕು ಅಂತ ಷರತ್ತು ಹಾಕಿದರೆ ಅದು ಕೋಟೆಯ ಹುಡುಗಿಗೂ ತಲುಪುತ್ತೆ. ಸಿಗಲ್ಲ ಅನ್ನೋ ಟ್ಯಾಲೆಂಟ್ ಅಲ್ಲೇ ತಯಾರಾಗುತ್ತೆ.

ಸರಿ, ನೀತಿ ಬದಲಾಗೋವರೆಗೂ ಕಾಯೋಕಾಗಲ್ಲ. ನೀವು ಇವತ್ತು ಏನು ಮಾಡಬಹುದು? ಇಂಟರ್‌ವ್ಯೂ ಟೇಬಲ್‌ನ ಈ ಕಡೆಯಿಂದ ಕಂಡದ್ದನ್ನ ಹೇಳ್ತೀನಿ.

ಮೊದಲನೇದು, ಕೆಲಸಕ್ಕೆ ದುಡ್ಡು ಕೊಡಬೇಡಿ. "ಬ್ಯಾಕ್‌ಡೋರ್ ಎಂಟ್ರಿ, ಎರಡು ಲಕ್ಷ, ಗ್ಯಾರಂಟಿ" ಅನ್ನೋರು ತಾಲ್ಲೂಕು ಮಟ್ಟದವರೆಗೂ ಬಂದಿದ್ದಾರೆ. ಹಾಗೇ ಸುಳ್ಳು ಅನುಭವದ ಸರ್ಟಿಫಿಕೇಟ್. ಈಗ ಕಂಪನಿಗಳು ಪಿಎಫ್ ದಾಖಲೆ ನೋಡ್ತವೆ. ನಿಮ್ಮ ಯುಎಎನ್ ನಂಬರಲ್ಲಿ ಯಾವ ಕಂಪನಿ, ಯಾವ ತಿಂಗಳು ಅಂತ ಎಲ್ಲಾ ಇರುತ್ತೆ. ಸಿಕ್ಕಿಬಿದ್ದರೆ ಇದ್ದ ಕೆಲಸವೂ ಹೋಗುತ್ತೆ, ಕೊಟ್ಟ ದುಡ್ಡೂ ವಾಪಸ್ ಬರಲ್ಲ.

ಎರಡನೇದು, ಕೋರ್ಸಿನ ಸರ್ಟಿಫಿಕೇಟ್‌ಗಿಂತ ನೀವೇ ಮಾಡಿದ ಒಂದು ಸಣ್ಣ ಕೆಲಸ ದೊಡ್ಡದು. ನನ್ನ ಮುಂದೆ ಬರೋ ರೆಸ್ಯೂಮೆಗಳಲ್ಲಿ ಹತ್ತಕ್ಕೆ ಎಂಟರಲ್ಲಿ ಒಂದೇ ಪ್ರಾಜೆಕ್ಟು: ಲೈಬ್ರರಿ ಮ್ಯಾನೇಜ್‌ಮೆಂಟ್. ನಿಮ್ಮ ಸುತ್ತ ಎಷ್ಟು ಸಮಸ್ಯೆ ಇದೆ ನೋಡಿ. ಹರಾಜು ಕಟ್ಟೆಯ ದಿನದ ರೇಟು ಅಪ್ಪನ ಫೋನಿಗೆ ಕನ್ನಡದಲ್ಲಿ ಬರೋ ಹಾಗೆ ಮಾಡಿ. ಕಬಿನಿ ಡ್ಯಾಮಿನ ನೀರಿನ ಮಟ್ಟದ ಗ್ರಾಫ್ ಮಾಡಿ. ನಾಗರಹೊಳೆ ಅಂಚಿನ ಊರಲ್ಲಿ ಆನೆ ಬಂದರೆ ಎಲ್ಲರಿಗೂ ಮೆಸೇಜ್ ಹೋಗೋ ಹಾಗೆ ಮಾಡಿ. ಎಐ ಟೂಲ್ ಬಳಸಿ, ತಪ್ಪೇನಿಲ್ಲ. ಆದರೆ ಅದು ಬರೆದ ಪ್ರತಿ ಸಾಲು ಯಾಕಿದೆ ಅಂತ ಕೇಳಿದರೆ ಹೇಳೋಕೆ ಬರಬೇಕು. ಬೇರೆಯವರು ಬರೆದ ಕೋಡ್ ಓದಿ, ತಪ್ಪು ಹುಡುಕಿ, ಬಿಡಿಸಿ ಹೇಳೋರೇ ಈಗ ನಿಜವಾಗಲೂ ಕೊರತೆ ಇರೋದು.

ಮೂರನೇದು ಇಂಗ್ಲಿಷ್. ಕನ್ನಡ ಮೀಡಿಯಂ ಅನ್ನೋದು ಅವಮಾನ ಅಲ್ಲ, ನಾನೂ ಅದೇ. ಇಂಟರ್‌ವ್ಯೂನಲ್ಲಿ ವ್ಯಾಕರಣ ಯಾರೂ ಅಳೆಯಲ್ಲ. ನೀವು ಮಾಡಿದ ಕೆಲಸವನ್ನು ಐದು ನಿಮಿಷ ಹೇಳೋಕೆ ಬರಬೇಕು, ಅಷ್ಟೇ. ಫೋನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಮಾಡಿ. ಪಾಠಕ್ಕೆ ಎನ್‌ಪಿಟಿಇಎಲ್, ಸ್ವಯಂ ಇವೆ, ಕಲಿಯೋಕೆ ದುಡ್ಡಿಲ್ಲ.

ನಾಲ್ಕನೇದು, ಸರ್ಕಾರದ ಸೌಲಭ್ಯ ಬಿಡಬೇಡಿ. ಡಿಗ್ರಿ ಮುಗಿಸಿ ಆರು ತಿಂಗಳಾದರೂ ಕೆಲಸ ಇಲ್ಲದವರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಎರಡು ವರ್ಷದವರೆಗೆ. ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ ಉಚಿತ, ಮೈಸೂರಿಗೆ ದಿನಾ ಹೋಗಿ ಬರೋಕೆ ಖರ್ಚಿಲ್ಲ. ಎನ್‌ಎಟಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದರೆ ಸ್ಟೈಫಂಡ್ ಇರೋ ಅಪ್ರೆಂಟಿಸ್ ಅವಕಾಶಗಳು ಕಾಣ್ತವೆ. ಒಂದು ವರ್ಷ ಸುಮ್ಮನೆ ಮನೆಯಲ್ಲಿ ಕೂರೋದಕ್ಕಿಂತ ಅದು ಎಷ್ಟೋ ಮೇಲು.

ಕೊನೇದು, ಇದು ಅಪ್ಪ ಅಮ್ಮಂದಿರಿಗೆ. ಜಮೀನು ಅಡ ಇಟ್ಟು ಸಿಎಸ್ ಸೀಟು ತಗೊಳ್ಳೋ ಮುಂಚೆ ಒಂದು ಲೆಕ್ಕ ಹಾಕಿ. ಮೊದಲ ಸಂಬಳ 25,000 ಅಂತ ಇಟ್ಕೊಳ್ಳಿ, ಅದೂ ಓದು ಮುಗಿದು ಒಂದು ವರ್ಷದ ಮೇಲೆ. ಆ ಸಂಬಳದಲ್ಲಿ ಬಡ್ಡಿ ತೀರುತ್ತಾ? ತೀರಲ್ಲ ಅಂದ್ರೆ, ಸಿಇಟಿಯಲ್ಲಿ ಸರ್ಕಾರಿ ಫೀಸಿಗೆ ಸಿಗೋ ಬೇರೆ ಬ್ರಾಂಚ್, ಇಲ್ಲಾ ಬಿಸಿಎ, ಬಿಎಸ್ಸಿ ಕೆಟ್ಟದ್ದೇನಲ್ಲ. ಪಾಲಿಟೆಕ್ನಿಕ್ ಮಾಡಿ ಎರಡನೇ ವರ್ಷಕ್ಕೆ ಎಂಜಿನಿಯರಿಂಗ್ ಸೇರೋ ದಾರಿಯೂ ಇದೆ. ಎಲೆಕ್ಟ್ರಿಕಲ್ ಓದಿ ಸಾಫ್ಟ್‌ವೇರ್‌ಗೆ ಬಂದೋರು ನನ್ನ ಟೀಮಲ್ಲೇ ಮೂವರಿದ್ದಾರೆ.

ಬ್ಯಾರನ್‌ನಿಂದ ಹೊರಗೆ ಬಂದ ಎಲೆಯ ಗ್ರೇಡ್ ಮತ್ತೆ ಬದಲಾಗಲ್ಲ. ಮನುಷ್ಯನದು ಬದಲಾಗುತ್ತೆ. ಇವತ್ತು "ನೋ ಬಿಡ್" ಅಂತ ಬಂದ ಮೇಲ್ ನೋಡಿ ಬೇಜಾರಾಗಿರೋ ಎಲ್ಲರಿಗೂ ಇದೊಂದು ಮಾತು ಹೇಳಬೇಕಿತ್ತು: ಅದು ಆ ದಿನದ, ಆ ರೇಟಿನ ತೀರ್ಮಾನ, ನಿಮ್ಮ ಬೆಲೆಯಲ್ಲ.

ನಿಮ್ಮ ಮನೆಯಲ್ಲಿ ಈ ವರ್ಷ ಸಿಇಟಿ ಬರೆದೋರಿದ್ದರೆ, ಆಪ್ಷನ್ ಎಂಟ್ರಿ ಮಾಡೋ ಮುಂಚೆ ಈ ಸಂಚಿಕೆಯನ್ನ ಅವರಿಗೂ, ಅವರ ಅಪ್ಪನಿಗೂ ಒಂದು ಸಲ ಕೇಳಿಸಿ. ಮುಂದಿನ ವಾರ ಮತ್ತೆ ಸಿಗೋಣ.